ಬಾವಲಿಯ ಕರುಳಿನ ಸಂದಿದಾರಿ

ಹಾರುವ ಪ್ರಾಣಿಗೆ ಊಟವೇ ಒಂದು ತಲೆನೋವು. ತಿನ್ನದಿದ್ದರೆ ರೆಕ್ಕೆ ಬಡಿಯಲು ಶಕ್ತಿ ಇಲ್ಲ, ತಿಂದರೆ ತಿಂದದ್ದರ ಭಾರವನ್ನೂ ಹೊತ್ತುಕೊಂಡು ಹಾರಬೇಕು. ಹಣ್ಣು ತಿನ್ನುವ ಎಷ್ಟೋ ಬಾವಲಿಗಳು ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ತಮ್ಮ ಮೈತೂಕದಷ್ಟು ಹಣ್ಣು ಮುಗಿಸುತ್ತವೆ. 60 ಕಿಲೋ ತೂಗುವ ಮನುಷ್ಯ ಬೆಳಗಾಗುವುದರೊಳಗೆ 60 ಕಿಲೋ ಹಣ್ಣು ತಿಂದ ಹಾಗೆ, ಅದೂ ಮಧ್ಯೆ ಮಧ್ಯೆ ಓಡುತ್ತಾ. ಹಾಗಾಗಿ ಬೇಕಾದ್ದನ್ನು ಬೇಗ ಹೀರಿಕೊಳ್ಳಬೇಕು, ಬೇಡದ್ದನ್ನು ಬೇಗ ಹೊರಗೆ ಹಾಕಬೇಕು. ಹಣ್ಣುಬಾಕ ಬಾವಲಿಗಳಲ್ಲಿ ತಿಂದದ್ದು ಅರ್ಧ ಗಂಟೆಯ ಆಸುಪಾಸಿನಲ್ಲೇ ಹೊರಬೀಳುವುದುಂಟು.

ಇಷ್ಟು ಗಡಿಬಿಡಿಯಲ್ಲಿ ಕೆಲಸ ಮಾಡುವ ಕರುಳು ದೊಡ್ಡದಾಗಿರಬೇಕು ಅನಿಸುತ್ತೆ ಅಲ್ವಾ? ಇರುವುದು ಉಲ್ಟಾ. ಅಷ್ಟೇ ತೂಕದ, ನೆಲದ ಮೇಲೆ ಓಡಾಡುವ ಇಲಿಯಂಥ ಪ್ರಾಣಿಗೆ ಹೋಲಿಸಿದರೆ ಬಾವಲಿಯ ಕರುಳು ಚಿಕ್ಕದು. ಕರುಳಿಗೂ ತೂಕ ಇದೆ, ಅದರೊಳಗೆ ಕೂತ ಊಟಕ್ಕೂ ತೂಕ ಇದೆ, ಎರಡನ್ನೂ ಕಡಿಮೆ ಮಾಡಿದರೆ ಹಾರಾಟ ಸಲೀಸು. ಹಕ್ಕಿಗಳದ್ದೂ ಇದೇ ಕಥೆ. ಚಿಕ್ಕ ಕರುಳು, ಸಿಗುವ ಸಮಯವೂ ಚಿಕ್ಕದು, ಆದರೂ ತಿಂದ ಸಕ್ಕರೆಯ ಬಹುಪಾಲು ರಕ್ತಕ್ಕೆ ಸೇರಿಬಿಡುತ್ತದೆ. ಇದು ಹೇಗೆ ಸಾಧ್ಯ ಅನ್ನುವುದು ತುಂಬಾ ದಿನ ಯಾರಿಗೂ ಬಿಡಿಸಲಾಗದ ಗಂಟಾಗಿತ್ತು.

ಗಂಟು ಬಿಡಿಸುವ ಮೊದಲು, ಯಾವುದೇ ಸಸ್ತನಿಯ ಕರುಳು ಸಕ್ಕರೆ ಹೀರುವ ಮಾಮೂಲಿ ದಾರಿ ಯಾವುದು ಅಂತ ನೋಡಿಬಿಡೋಣ. ಸಣ್ಣ ಕರುಳಿನ ಒಳಗೋಡೆ ನುಣುಪಾಗಿರುವುದಿಲ್ಲ. ಮಖಮಲ್ಲಿನ ಬಟ್ಟೆಯ ಹಾಗೆ ಅದರ ತುಂಬ ಬೆರಳಿನಾಕಾರದ ಪುಟಾಣಿ ಚಾಚುಗಳಿರುತ್ತವೆ, ಇವಕ್ಕೆ ವಿಲ್ಲೈ ಅನ್ನುತ್ತಾರೆ. ಪ್ರತಿ ಚಾಚಿನ ಮೇಲೂ ಜೀವಕೋಶಗಳ ಒಂದೇ ಒಂದು ಪದರ ಹೊದಿಸಿದೆ. ಆ ಕೋಶಗಳ ತಲೆಯ ಮೇಲೆ ಇನ್ನೂ ಸಣ್ಣ ಕೂದಲಿನಂಥ ಚಾಚುಗಳಿವೆ, ಅವು ಮೈಕ್ರೋವಿಲ್ಲೈ. ಇಷ್ಟೆಲ್ಲ ಮಡಿಕೆ ಯಾಕೆಂದರೆ ಕಡಿಮೆ ಜಾಗದಲ್ಲಿ ಹೆಚ್ಚು ಮೇಲ್ಮೈ ಸಿಗಲಿ ಅಂತ. ಊಟ ಒಂದು ಕಡೆ, ರಕ್ತ ಇನ್ನೊಂದು ಕಡೆ, ನಡುವೆ ಇರುವುದು ಈ ಒಂದು ಪದರದ ಕೋಶಗಳ ಗೋಡೆ ಮಾತ್ರ.

ಈ ಗೋಡೆಯನ್ನು ಗ್ಲುಕೋಸ್ ಸುಮ್ಮನೆ ದಾಟಲಾರದು. ಕೋಶದ ಪೊರೆ ಕೊಬ್ಬಿನದು, ಗ್ಲುಕೋಸ್ ನೀರಿನ ಜಾತಿಯದು. ಎಣ್ಣೆ ನೀರು ಸೇರಲ್ಲ. ಅದಕ್ಕೇ ಪೊರೆಯಲ್ಲಿ ಬಾಗಿಲುಗಳಿವೆ, ಪ್ರೋಟೀನಿನಿಂದ ಆದ ಬಾಗಿಲುಗಳು. ಊಟದ ಕಡೆಯ ಮುಖ್ಯ ಬಾಗಿಲಿನ ಹೆಸರು ಎಸ್‌ಜಿಎಲ್‌ಟಿ1. ಇದರ ಕೆಲಸ ಸ್ವಲ್ಪ ವಿಚಿತ್ರ: ಗ್ಲುಕೋಸ್ ಒಂದೇ ಬಂದು ನಿಂತರೆ ಒಳಗೆ ಬಿಡಲ್ಲ, ಎರಡು ಸೋಡಿಯಂ ಅಯಾನುಗಳು, ಅಂದರೆ ವಿದ್ಯುತ್ ಚಾರ್ಜ್ ಇರುವ ಸೋಡಿಯಂ ಕಣಗಳು, ಜೊತೆಗಿರಬೇಕು. ಎರಡು ಸೋಡಿಯಂ, ಒಂದು ಗ್ಲುಕೋಸ್, ಮೂರೂ ಕೂತ ಮೇಲೆ ಬಾಗಿಲು ಹೊರಗಿನಿಂದ ಮುಚ್ಚಿ ಒಳಗಡೆಗೆ ತೆರೆದುಕೊಳ್ಳುತ್ತದೆ. ಸೋಡಿಯಂಗೆ ಒಳಗೆ ಬರುವ ಆತುರ ಜಾಸ್ತಿ, ಯಾಕೆಂದರೆ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಿಮೆ ಇರುತ್ತದೆ. ಆ ಆತುರದ ಬಲದಲ್ಲೇ ಗ್ಲುಕೋಸ್ ಕೂಡ ಎಳೆದುಕೊಂಡು ಬರುತ್ತದೆ, ಒಳಗೆ ಈಗಾಗಲೇ ಗ್ಲುಕೋಸ್ ಹೆಚ್ಚಿದ್ದರೂ ಸಹ.

ಒಳಗೆ ಸೋಡಿಯಂ ಕಡಿಮೆ ಇರುವುದು ಪುಕ್ಕಟೆಯಾಗಿ ಅಲ್ಲ. ಕೋಶದ ಹಿಂಬದಿಯಲ್ಲಿ, ಅಂದರೆ ರಕ್ತದ ಕಡೆ, ಒಂದು ಪಂಪು ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅನ್ನುವ ಅಣುವೊಂದನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ತಳ್ಳುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಅದೇ ಹಿಂಬದಿಯಲ್ಲಿ ಗ್ಲುಟ್2 ಅನ್ನುವ ಇನ್ನೊಂದು ಬಾಗಿಲಿದೆ. ಒಳಗೆ ತುಂಬಿದ ಗ್ಲುಕೋಸ್ ಅದರ ಮೂಲಕ ತಾನಾಗಿಯೇ ರಕ್ತಕ್ಕೆ ಇಳಿಯುತ್ತದೆ. ಹಣ್ಣಿನ ಇನ್ನೊಂದು ಸಕ್ಕರೆ ಫ್ರಕ್ಟೋಸ್‌ಗೆ ಮುಂಬದಿಯಲ್ಲಿ ಬೇರೆಯೇ ಬಾಗಿಲು, ಗ್ಲುಟ್5, ಅಲ್ಲಿ ಸೋಡಿಯಂ ಬೇಕಾಗಿಲ್ಲ. ಸೋಡಿಯಂ ಮತ್ತು ಗ್ಲುಕೋಸ್ ಜೋಡಿಯಾಗಿ ಒಳಗೆ ಹೋಗುತ್ತವೆ ಅನ್ನುವ ಯೋಚನೆಯನ್ನು ರಾಬರ್ಟ್ ಕ್ರೇನ್ ಅನ್ನುವ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಮುಂದಿಟ್ಟರು. ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಉಪ್ಪಿನ ಜೊತೆ ಗ್ಲುಕೋಸ್ ಇರುವುದು ಇದೇ ಕಾರಣಕ್ಕೆ.

ಸರಿ, ಬಾವಲಿಯಲ್ಲೂ ಹೀಗೇ ನಡೆಯಬೇಕು, ಚಿಕ್ಕ ಕರುಳಾದ್ದರಿಂದ ಬಾಗಿಲುಗಳನ್ನು ಒತ್ತೊತ್ತಾಗಿ ಇಟ್ಟಿರಬೇಕು, ಅಷ್ಟೇ ತಾನೇ? ಯಾರಿಗಾದರೂ ಮೊದಲು ಹೊಳೆಯುವುದು ಇದೇ. ಕೀಗನ್ ಅನ್ನುವ ಸಂಶೋಧಕರು ಈಜಿಪ್ಟಿನ ಹಣ್ಣುಬಾವಲಿಯ ಕರುಳಿನ ತುಂಡುಗಳನ್ನು ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸಿದರು. ಕಡಿಮೆ ಸಾಂದ್ರತೆಯ ಕಡೆಯಿಂದ ಹೆಚ್ಚಿನ ಕಡೆಗೆ ಗ್ಲುಕೋಸ್ ಎಳೆದು ತರುತ್ತದೆಯೇ ಅಂತ ನೋಡಿದರು. ತರಲಿಲ್ಲ. ಎಸ್‌ಜಿಎಲ್‌ಟಿ1 ಬಾಗಿಲನ್ನು ಮುಚ್ಚಿಹಾಕುವ ಫ್ಲೋರಿಡ್ಜಿನ್ ಅನ್ನುವ ಪದಾರ್ಥ ಹಾಕಿ ನೋಡಿದರು. ಅದರಿಂದಲೂ ವ್ಯತ್ಯಾಸ ಕಾಣಲಿಲ್ಲ. ತಮ್ಮ ಕೈಚಳಕದಲ್ಲೇ ತಪ್ಪಿರಬಹುದು ಅಂತ ಇಲಿಯ ಕರುಳಿನಲ್ಲೂ ಮಾಡಿ ನೋಡಿದರು, ಅಲ್ಲಿ ಪುಸ್ತಕದಲ್ಲಿ ಬರೆದ ಹಾಗೇ ಎಲ್ಲ ನಡೆಯಿತು. ಜೀವಂತ ಬಾವಲಿಯಲ್ಲಿ ನೋಡಿದರೆ ಗ್ಲುಕೋಸ್ ಸರಸರನೆ ರಕ್ತಕ್ಕೆ ಹೋಗುತ್ತಿದೆ, ಕರುಳಿನ ತುಂಡಿನಲ್ಲಿ ನೋಡಿದರೆ ಬಾಗಿಲಿನ ಸುಳಿವೇ ಇಲ್ಲ! ಕೊನೆಗೆ ಕೀಗನ್ ಒಂದು ಊಹೆ ಮಾಡಿದರು: ಸಕ್ಕರೆ ಕೋಶಗಳ ಒಳಗಿಂದ ಹೋಗುತ್ತಿಲ್ಲ, ಕೋಶಗಳ ನಡುವಿನ ಸಂದಿಯಿಂದ ಹೋಗುತ್ತಿದೆ.

ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಇದೇ. ಫಲಿತಾಂಶ ತಪ್ಪು ಅಂತ ಕಸದ ಬುಟ್ಟಿಗೆ ಹಾಕುವುದು ಸುಲಭ ಇತ್ತು.

ಸಂದಿ ಅಂದೆ. ಆದರೆ ಕೋಶಗಳ ನಡುವೆ ಅಷ್ಟು ಸಲೀಸಾದ ಸಂದಿ ಇರುತ್ತದೆಯೇ? ಅಕ್ಕಪಕ್ಕದ ಎರಡು ಕೋಶಗಳು ಮೇಲ್ತುದಿಯ ಹತ್ತಿರ ಒಂದಕ್ಕೊಂದು ಹೊಲಿದ ಹಾಗೆ ಅಂಟಿಕೊಂಡಿರುತ್ತವೆ. ಈ ಹೊಲಿಗೆಗೆ ಟೈಟ್ ಜಂಕ್ಷನ್ ಅನ್ನುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡು 1963ರಲ್ಲಿ ವಿವರಿಸಿದವರು ಫಾರ್ಕ್ವಾರ್ ಮತ್ತು ಪಲಾಡೆ. ಆಗ ಅದು ಪೂರ್ತಿ ಬಂದ್ ಅಂತಲೇ ಜನ ಅಂದುಕೊಂಡಿದ್ದರು. ಹೆಸರೇ ಟೈಟ್ ಅಂತ ಇದೆಯಲ್ಲ! ಆಮೇಲೆ ಗೊತ್ತಾಯಿತು, ಇದು ಗಾರೆ ಮೆತ್ತಿದ ಗೋಡೆಯಲ್ಲ, ಜರಡಿ. ಆ ಜರಡಿಯ ತಂತಿಗಳು ಕ್ಲಾಡಿನ್ ಅನ್ನುವ ಪ್ರೋಟೀನುಗಳು, ಜಪಾನಿನ ತ್ಸುಕಿತಾ ಮತ್ತು ಫುರುಸೆ ತಂಡ 1998ರಲ್ಲಿ ಇವನ್ನು ಗುರುತಿಸಿತು. ಕ್ಲಾಡಿನ್‌ಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಸಂದಿಯನ್ನು ಬಿಗಿ ಮಾಡುತ್ತವೆ. ಕ್ಲಾಡಿನ್ 2, ಕ್ಲಾಡಿನ್ 15ರಂಥವು ಅಲ್ಲೇ ಸಣ್ಣ ತೂತು ಮಾಡಿಕೊಡುತ್ತವೆ, ಅದರಲ್ಲಿ ಸೋಡಿಯಂನಂಥ ಅಯಾನುಗಳು ನುಸುಳುತ್ತವೆ. ಈ ತೂತು ಗ್ಲುಕೋಸ್‌ಗೆ ಕಿರಿದು. ಆದರೆ ಹೊಲಿಗೆಯಲ್ಲಿ ಅಲ್ಲಲ್ಲಿ, ಆಗಾಗ, ಇದಕ್ಕಿಂತ ದೊಡ್ಡ ಬಿರುಕು ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಸಕ್ಕರೆಯ ಗಾತ್ರದ ಅಣುಗಳು ನುಗ್ಗುವುದು ಹೆಚ್ಚಾಗಿ ಇಂಥ ಕಡೆ.

ಈಗ ಪ್ರಶ್ನೆ, ಇದನ್ನು ಸಾಬೀತು ಮಾಡುವುದು ಹೇಗೆ? ಗ್ಲುಕೋಸ್ ರಕ್ತಕ್ಕೆ ಬಂತು ಅಂತ ತೋರಿಸಿದರೆ ಸಾಲದು, ಅದು ಬಾಗಿಲಿನಿಂದ ಬಂತೋ ಸಂದಿಯಿಂದ ಬಂತೋ ಅದರ ಮೈಮೇಲೆ ಬರೆದಿರುವುದಿಲ್ಲ. ಇಲ್ಲಿ ಒಂದು ಜಾಣ ಉಪಾಯ ಇದೆ. ಯಾವ ಬಾಗಿಲೂ ಒಳಗೆ ಬಿಡದ, ದೇಹ ಸುಟ್ಟು ಶಕ್ತಿ ಮಾಡಿಕೊಳ್ಳಲಾರದ ಸಕ್ಕರೆಯನ್ನು ತಿನ್ನಿಸುವುದು. ಅದು ರಕ್ತದಲ್ಲಿ ಕಾಣಿಸಿಕೊಂಡರೆ ಸಂದಿಯಿಂದಲೇ ಬಂದಿರಬೇಕು, ಬೇರೆ ದಾರಿ ಇಲ್ಲ. ಹಕ್ಕಿಗಳ ಮೇಲಿನ ಪ್ರಯೋಗಗಳಲ್ಲಿ ಗ್ಲುಕೋಸ್‌ನದ್ದೇ ಕನ್ನಡಿ ಪ್ರತಿಬಿಂಬವಾದ ಎಲ್-ಗ್ಲುಕೋಸ್ ಬಳಸಿದ್ದಾರೆ. ಗಾತ್ರ ಅಷ್ಟೇ, ತೂಕ ಅಷ್ಟೇ, ಆದರೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಕೂರದ ಹಾಗೆ ಅದು ಬಾಗಿಲಿನಲ್ಲಿ ಕೂರುವುದಿಲ್ಲ. ಬಾವಲಿಗಳಿಗೆ ಹೆಚ್ಚಾಗಿ ಕೊಟ್ಟದ್ದು ಎಲ್-ರಾಮ್ನೋಸ್ ಅನ್ನುವ ಸಕ್ಕರೆ.

ಅಳೆಯುವ ಕ್ರಮವೂ ಸರಳ. ಒಂದು ಸಲ ಬಾಯಿಂದ ಕುಡಿಸಿ, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪ ರಕ್ತ ತೆಗೆದು ಎಷ್ಟು ಬಂತು ನೋಡುತ್ತಾರೆ. ಇನ್ನೊಂದು ಸಲ ಅದೇ ಸಕ್ಕರೆಯನ್ನು ಸೂಜಿಯಿಂದ ಕೊಡುತ್ತಾರೆ, ಅಲ್ಲಿ ಕರುಳಿನ ಗೋಡೆಯ ತಡೆ ಇಲ್ಲ, ಹಾಗಾಗಿ ಅದು ನೂರಕ್ಕೆ ನೂರು ಅಂತ ಲೆಕ್ಕ. ಎರಡನ್ನೂ ಹೋಲಿಸಿದರೆ ಕುಡಿಸಿದ್ದರಲ್ಲಿ ಎಷ್ಟು ಪಾಲು ಗೋಡೆ ದಾಟಿತು ಗೊತ್ತಾಗುತ್ತದೆ.

ಕೀಗನ್ ಊಹೆಯನ್ನು ಈ ಉಪಾಯದಿಂದ ಪರೀಕ್ಷಿಸಿದ ಲೆಕ್ಕ 2007ರಲ್ಲಿ ಹೊರಬಂತು, ಅದೇ ಈಜಿಪ್ಟಿನ ಹಣ್ಣುಬಾವಲಿಯ ಮೇಲೆ. ರಾಮ್ನೋಸ್ ಶೇಕಡಾ 62ರಷ್ಟು ರಕ್ತಕ್ಕೆ ಸೇರಿತ್ತು. ಒಂದೂ ಬಾಗಿಲಿಲ್ಲದ ಸಕ್ಕರೆ, ಅರ್ಧಕ್ಕಿಂತ ಹೆಚ್ಚು ದಾಟಿಬಿಟ್ಟಿದೆ! ಇಲಿಗಳಲ್ಲಿ ಕಂಡದ್ದಕ್ಕಿಂತ ಇದು ಬಹಳ ಜಾಸ್ತಿ. ರಾಮ್ನೋಸ್‌ಗಿಂತ ಎರಡು ಪಟ್ಟು ತೂಕದ ಸೆಲ್ಲೋಬಯೋಸ್ ಕೊಟ್ಟಾಗ ದಾಟಿದ್ದು ಶೇಕಡಾ 22 ಮಾತ್ರ. ಕಾಳು ದೊಡ್ಡದಾದಷ್ಟೂ ಕೆಳಗೆ ಬೀಳುವುದು ಕಡಿಮೆ, ಜರಡಿಯ ಲಕ್ಷಣವೇ ಅದು. ಇನ್ನು ಗ್ಲುಕೋಸ್‌ನ ಹಾಗೇ ಇರುವ, ಬಾಗಿಲು ಮತ್ತು ಸಂದಿ ಎರಡರಿಂದಲೂ ಹೋಗಬಲ್ಲ ಇನ್ನೊಂದು ಸಕ್ಕರೆ ಕೊಟ್ಟರೆ ಶೇಕಡಾ 91 ದಾಟಿತು. ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಈ ಬಾವಲಿಯ ಗ್ಲುಕೋಸ್‌ನಲ್ಲಿ ಕನಿಷ್ಠ ಶೇಕಡಾ 55 ಭಾಗ ಸಂದಿಯಿಂದ ಬರುತ್ತದೆ. ಅದೇ ವರ್ಷ ಕವಿಯೆದೆಸ್-ವಿದಾಲ್, ಕರಾಸೊವ್ ಮತ್ತವರ ಜೊತೆಗಾರರು ಹಾರುವ ಮತ್ತು ಹಾರದ ಪ್ರಾಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಹಾರುವವುಗಳಲ್ಲಿ ಕರುಳು ಚಿಕ್ಕದು, ಸಂದಿದಾರಿ ಚುರುಕು ಅಂತ ತೋರಿಸಿದರು. ಆಮೇಲೆ ಹುಳ ತಿನ್ನುವ ಬಾವಲಿಗಳಲ್ಲೂ ಇದೇ ಕಂಡಿತು, ಅಂದರೆ ಇದು ಹಣ್ಣಿನ ಊಟಕ್ಕೆ ಮಾತ್ರ ಅಂಟಿದ ಗುಣ ಅಲ್ಲ.

ಹಾಗಂತ ಬಾಗಿಲುಗಳು ಬಾವಲಿಗೆ ಬೇಡ ಅಂತಲ್ಲ, ಈ ತಪ್ಪು ಸುಮಾರು ಜನ ಮಾಡುತ್ತಾರೆ. ಕೀಗನ್‌ಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ಬಾಗಿಲೇ ಇಲ್ಲ ಅಂತ 2007ರ ಆ ಪ್ರಯೋಗವೂ ಹೇಳಲಿಲ್ಲ. 62ಕ್ಕೂ 91ಕ್ಕೂ ನಡುವಿನ ಆ ಅಂತರ ನೋಡಿ, ಅದು ಬಾಗಿಲುಗಳ ಪಾಲು. ಸಂದಿಯಲ್ಲಿ ಎಳೆಯುವವರಿಲ್ಲ, ಸಕ್ಕರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಿಯಬೇಕು. ಊಟ ಆದ ತಕ್ಷಣ ಕರುಳಿನೊಳಗೆ ಸಕ್ಕರೆ ರಕ್ತಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿರುತ್ತದೆ, ಆಗ ಸಂದಿಯಲ್ಲಿ ನೂಕುನುಗ್ಗಲು. ಕೊನೆಕೊನೆಗೆ ಕರುಳಿನಲ್ಲಿ ಉಳಿದದ್ದು ತೆಳ್ಳಗಾದಾಗ ಸಂದಿಯ ಆಟ ನಡೆಯಲ್ಲ. ಆ ಉಳಿದ ಚೂರುಪಾರನ್ನು ಗೋರಿ ಎತ್ತಿಕೊಳ್ಳಲು ಸೋಡಿಯಂ ಬಲದ ಬಾಗಿಲೇ ಬೇಕು.

ಬಾಗಿಲಿನ ಇನ್ನೊಂದು ಉಪಕಾರವೂ ಇದೆ. ಬಾಗಿಲಿನಿಂದ ಸೋಡಿಯಂ, ಗ್ಲುಕೋಸ್ ಒಳಗೆ ಬಂದು ಹಿಂಬದಿಯಿಂದ ಹೊರಬಿದ್ದಾಗ ಕೋಶಗಳ ನಡುವಿನ ಜಾಗ ಸ್ವಲ್ಪ ಉಪ್ಪುಪ್ಪು, ಸಿಹಿಸಿಹಿ ಆಗುತ್ತದೆ. ಉಪ್ಪು ಹೆಚ್ಚಿರುವ ಕಡೆ ನೀರು ಹರಿದು ಬರುವುದು ಸಹಜ. ಹೀಗೆ ಕರುಳಿನೊಳಗಿನ ನೀರು ಸಂದಿಯ ಮೂಲಕ ಈಚೆ ಹರಿಯುತ್ತದೆ, ಹರಿಯುವಾಗ ತನ್ನಲ್ಲಿ ಕರಗಿದ ಗ್ಲುಕೋಸ್ ಅಣುಗಳನ್ನೂ ಕೊಚ್ಚಿಕೊಂಡು ಬರುತ್ತದೆ. ಮಳೆನೀರು ಕಾಲುವೆಯಲ್ಲಿ ತರಗೆಲೆ ತಂದ ಹಾಗೆ. 1987ರಲ್ಲಿ ಪ್ಯಾಪನ್‌ಹೈಮರ್ ಮತ್ತು ರೈಸ್ ಇದನ್ನು ಪ್ರಸ್ತಾಪಿಸಿದಾಗ ಸಾಕಷ್ಟು ವಾದ ವಿವಾದ ಆಯಿತು. ನೆಲದ ಮೇಲಿನ ಸಸ್ತನಿಗಳಲ್ಲಿ ಇದರ ಪಾಲು ದೊಡ್ಡದಲ್ಲ ಅನ್ನುವವರೇ ಹೆಚ್ಚು. ಆದರೆ ಹಕ್ಕಿ, ಬಾವಲಿಗಳ ವಿಷಯಕ್ಕೆ ಬಂದರೆ ಆ ಯೋಚನೆಗೆ ತೂಕ ಬರುತ್ತದೆ ಅಂತ ನನ್ನ ಅನಿಸಿಕೆ.

ಅದೆಲ್ಲ ಸರಿ, ಇಲಿಗೂ ಟೈಟ್ ಜಂಕ್ಷನ್ ಇದೆ, ಬಾವಲಿಗೂ ಇದೆ, ಬಾವಲಿಯದ್ದು ಮಾತ್ರ ಹೆಚ್ಚು ಸೋರುವುದು ಯಾಕೆ? ಎರಡು ಬಗೆಯ ಉತ್ತರ ಯೋಚಿಸಬಹುದು. ಒಂದು, ಸಂದಿಗಳ ಗುಣವೇ ಬೇರೆ, ಅಂದರೆ ಕ್ಲಾಡಿನ್‌ಗಳ ಬೆರಕೆ ಬೇರೆ ಇರುವುದರಿಂದ ಜರಡಿಯ ಕಣ್ಣು ದೊಡ್ಡದಾಗಿದೆ. ಎರಡು, ಸಂದಿಗಳ ಎಣಿಕೆಯೇ ಜಾಸ್ತಿ. ಅದೇ ಉದ್ದದ ಕರುಳಿನಲ್ಲಿ ಚಾಚುಗಳು ಹೆಚ್ಚಿದ್ದರೆ ಕೋಶಗಳೂ ಹೆಚ್ಚು, ಕೋಶಗಳು ಹೆಚ್ಚಿದ್ದರೆ ಅವುಗಳ ನಡುವಿನ ಹೊಲಿಗೆಗಳೂ ಹೆಚ್ಚು. ಹತ್ತು ಕೋಣೆಯ ಮನೆಗಿಂತ ನೂರು ಕೋಣೆಯ ವಠಾರದಲ್ಲಿ ಓಣಿಗಳು ಜಾಸ್ತಿ ಇರುವಂತೆ. ಎರಡೂ ಒಟ್ಟೊಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ.

ಸೋರುವ ಗೋಡೆಗೆ ಬೆಲೆ ಇದೆ, ಮತ್ತು ಅದು ಸಣ್ಣದಲ್ಲ. ಬಾಗಿಲು ಗುರುತು ನೋಡಿ ಒಳಗೆ ಬಿಡುತ್ತದೆ. ಸಂದಿ ಗಾತ್ರ ನೋಡುತ್ತದೆ, ಸ್ವಲ್ಪಮಟ್ಟಿಗೆ ವಿದ್ಯುತ್ ಚಾರ್ಜ್ ನೋಡುತ್ತದೆ, ಅಷ್ಟೇ. ಗ್ಲುಕೋಸ್‌ನಷ್ಟೇ ಚಿಕ್ಕದಾದ, ನೀರಿನಲ್ಲಿ ಕರಗುವ ವಿಷದ ಅಣುವೂ ಅದೇ ದಾರಿಯಲ್ಲಿ ನುಸುಳಬಹುದು. ಗಿಡಗಳು ಇಂಥ ವಿಷಗಳನ್ನು ಮಾಡುವುದರಲ್ಲಿ ಪಳಗಿದ ಕೈ. ಹಾಗಾಗಿ ಯಾವ ಹಣ್ಣು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದರಲ್ಲಿ ಹುಷಾರಾಗಿರಬೇಕು, ಒಳಗೆ ಬಂದದ್ದನ್ನು ಯಕೃತ್ತು ಮತ್ತು ಮೂತ್ರಪಿಂಡ ನಿಭಾಯಿಸಬೇಕು. ಬ್ಯಾಕ್ಟೀರಿಯಾ, ಇಡೀ ಪ್ರೋಟೀನುಗಳು ಈ ಸಂದಿಗೆ ತೀರಾ ದೊಡ್ಡವು, ಅಷ್ಟರಮಟ್ಟಿಗೆ ನೆಮ್ಮದಿ.

ಕೊಬ್ಬು, ಪ್ರೋಟೀನುಗಳ ಮಾತು ಬೇಗ ಮುಗಿಸುತ್ತೇನೆ, ಅಲ್ಲಿ ಬಾವಲಿ ಬೇರೆ ಸಸ್ತನಿಗಳ ದಾರಿಯನ್ನೇ ಹಿಡಿದಿದೆ. ಪ್ರೋಟೀನು ತುಂಡಾಗಿ ಅಮೈನೋ ಆಮ್ಲಗಳಾಗುತ್ತದೆ, ಇಲ್ಲವೇ ಎರಡು ಮೂರು ಅಮೈನೋ ಆಮ್ಲಗಳ ಪುಟ್ಟ ಸರಗಳಾಗುತ್ತದೆ. ಆ ಸರಗಳಿಗೆ ಪೆಪ್ಟ್1 ಅನ್ನುವ ಬಾಗಿಲಿದೆ, ಅದು ಸೋಡಿಯಂ ಬದಲು ಹೈಡ್ರೋಜನ್ ಅಯಾನನ್ನು ಜೊತೆಗೆ ಕೇಳುತ್ತದೆ. ಕೊಬ್ಬಿನ ಆಮ್ಲಗಳು ಪಿತ್ತರಸದ ನೆರವಿನಿಂದ ಕೋಶದ ಪೊರೆಯವರೆಗೆ ಬಂದು ಒಳಗೆ ಸೇರುತ್ತವೆ, ಒಳಗೆ ಮತ್ತೆ ಕೊಬ್ಬಾಗಿ ಜೋಡಿಸಿಕೊಂಡು, ಕೈಲೋಮೈಕ್ರಾನ್ ಅನ್ನುವ ಉಂಡೆಗಳಾಗಿ ದುಗ್ಧರಸದ ನಾಳಕ್ಕೆ ಹೋಗುತ್ತವೆ. ಅಷ್ಟು ದಪ್ಪ ಉಂಡೆಗೆ ಸಂದಿದಾರಿ ಪ್ರಯೋಜನಕ್ಕಿಲ್ಲ.

ಹೀರುವ ಮೊದಲು ಮುರಿಯುವ ಕೆಲಸ ಇದೆಯಲ್ಲ, ಅಲ್ಲಿ ಮಾತ್ರ ಬಾವಲಿಗಳು ಒಂದೊಂದು ಜಾತಿಗೆ ಒಂದೊಂದು ಥರ. ಮಕರಂದದ ಸುಕ್ರೋಸ್ ಎರಡು ಸಕ್ಕರೆ ಅಂಟಿಕೊಂಡ ಜೋಡಿ, ಮೈಕ್ರೋವಿಲ್ಲೈ ಮೇಲೆ ಕೂತ ಸುಕ್ರೇಸ್ ಅನ್ನುವ ಕಿಣ್ವ ಅದನ್ನು ಕತ್ತರಿಸಿದ ಮೇಲೇ ಬಾಗಿಲಾಗಲಿ ಸಂದಿಯಾಗಲಿ ಸಲೀಸು. ಹುಳಗಳ ಮೈಯಲ್ಲಿ ಓಡುವ ಸಕ್ಕರೆ ಬೇರೆ, ಅದು ಟ್ರೆಹಲೋಸ್, ಅದಕ್ಕೆ ಟ್ರೆಹಲೇಸ್ ಬೇಕು. ಅಮೆರಿಕ ಖಂಡಗಳ ಎಲೆಮೂಗಿನ ಬಾವಲಿಗಳ ಕುಟುಂಬದಲ್ಲಿ ಹುಳದಿಂದ ಹಣ್ಣು, ಮಕರಂದಕ್ಕೆ ಬದಲಾದ ಜಾತಿಗಳಲ್ಲಿ ಸುಕ್ರೇಸ್ ಏರಿದೆ, ಟ್ರೆಹಲೇಸ್ ಇಳಿದಿದೆ. 2024ರಲ್ಲಿ ಬಂದ ಒಂದು ಅಧ್ಯಯನ ಇದೇ ಕುಟುಂಬದ ಕಾಡುಬಾವಲಿಗಳನ್ನು ಹಿಡಿದು ಮೂರು ಬಗೆಯ ಸಕ್ಕರೆ ಕುಡಿಸಿ ರಕ್ತ ಪರೀಕ್ಷಿಸಿತು. ಹುಳ ತಿನ್ನುವವು ಟ್ರೆಹಲೋಸ್‌ಗೆ ಜೋರಾಗಿ ಪ್ರತಿಕ್ರಿಯಿಸಿದವು. ಹಣ್ಣು, ಮಕರಂದದವು ಗ್ಲುಕೋಸ್, ಸುಕ್ರೋಸ್ ಕುಡಿದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 750 ಮಿಲಿಗ್ರಾಂ ದಾಟಿತು. ಶುಗರ್ ಪರೀಕ್ಷೆ ಮಾಡಿಸಿದವರಿಗೆ ಈ ಅಂಕಿ ನೋಡಿದರೆ ಎದೆ ಝಲ್ ಅನ್ನುತ್ತೆ, ಮನುಷ್ಯರಿಗೆ ಖಾಲಿ ಹೊಟ್ಟೆಯಲ್ಲಿ 100ರೊಳಗೆ ಇರಬೇಕು. ಆ ಬಾವಲಿಗಳು ಆರಾಮವಾಗಿದ್ದವು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮಕರಂದದ ಬಾವಲಿಗಳ ಕರುಳಿನಲ್ಲಿ ಗ್ಲುಟ್2 ಬಾಗಿಲಿನ ಜೀನ್ ಹೆಚ್ಚು ಚುರುಕಾಗಿತ್ತು, ಹಣ್ಣಿನ ಬಾವಲಿಗಳಲ್ಲಿ ಎಸ್‌ಜಿಎಲ್‌ಟಿ1 ಮತ್ತು ಗ್ಲುಟ್5ರ ಜೀನ್‌ಗಳು. ಅಂದರೆ ಸಂದಿದಾರಿ ಇದೆ ಅಂತ ಬಾಗಿಲುಗಳು ಸುಮ್ನೆ ಕೂತಿಲ್ಲ, ಊಟಕ್ಕೆ ತಕ್ಕ ಹಾಗೆ ಅವೂ ಬದಲಾಗಿವೆ. ಇಷ್ಟು ವೇಗದಲ್ಲಿ ಒಳಗೆ ಬಂದ ಸಕ್ಕರೆ ಎಲ್ಲಿಗೆ ಹೋಗುತ್ತದೆ? ನೇರ ರೆಕ್ಕೆಯ ಸ್ನಾಯುಗಳಿಗೆ. ಮಕರಂದ ಕುಡಿಯುವ ಪುಟ್ಟ ಬಾವಲಿಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡಾ 80 ಭಾಗ ಆಗತಾನೇ ಕುಡಿದ ಸಕ್ಕರೆಯಿಂದ ಬರುತ್ತದೆ. ಕೂಡಿಟ್ಟು ತಿನ್ನುವ ಸ್ವಭಾವವೇ ಅಲ್ಲ, ಬಂದದ್ದು ಬಂದ ಹಾಗೇ ಉರಿದು ಹೋಗುತ್ತದೆ.

ಇವೆಲ್ಲಕ್ಕೂ ತಿರುಗುಮುರುಗಾದ ಒಂದು ಬಾವಲಿ ಇದೆ, ರಕ್ತ ಕುಡಿಯುವ ವ್ಯಾಂಪೈರ್ ಬಾವಲಿ. ರಕ್ತದಲ್ಲಿ ಸಕ್ಕರೆ ಹೆಸರಿಗೆ ಮಾತ್ರ, ನೀರು ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಎಲ್ಲ ಪ್ರೋಟೀನು, ಜೊತೆಗೆ ರಾಶಿ ಕಬ್ಬಿಣದ ಅಂಶ. ಉಳಿದ ಬಾವಲಿಗಳಿಗೆ ಹೀರುವುದು ಹೇಗೆ ಅನ್ನುವ ಚಿಂತೆಯಾದರೆ ಇದಕ್ಕೆ ಹೀರಿದ ಕಬ್ಬಿಣವನ್ನು ಹೊರಗೆ ಹಾಕುವುದು ಹೇಗೆ ಅನ್ನುವ ಚಿಂತೆ, ಯಾಕೆಂದರೆ ದೇಹದಲ್ಲಿ ಕಬ್ಬಿಣ ಅತಿಯಾದರೆ ಅದೇ ವಿಷ. 2022ರಲ್ಲಿ ಇದರ ಜೀನ್‌ಗಳನ್ನು ಜಾಲಾಡಿದ ವಿಜ್ಞಾನಿಗಳಿಗೆ ಆರ್‌ಇಪಿ15 ಅನ್ನುವ ಜೀನ್ ಕೆಟ್ಟುಹೋಗಿರುವುದು ಕಂಡಿತು. ಆ ಜೀನ್ ಇಲ್ಲದಿದ್ದರೆ ಕರುಳಿನ ಕೋಶಗಳು ಕಬ್ಬಿಣವನ್ನು ತಮ್ಮೊಳಗೇ ತುಂಬಿಕೊಳ್ಳುತ್ತವೆ ಅನ್ನುವುದು ಅವರ ವಿವರಣೆ. ಕರುಳಿನ ಕೋಶಗಳ ಆಯಸ್ಸು ಕೆಲವೇ ದಿನ, ಹಳೆಯವು ಚಾಚಿನ ತುದಿಯಿಂದ ಉದುರಿ ಹೊಸವು ಬರುತ್ತಲೇ ಇರುತ್ತವೆ. ಉದುರುವ ಪ್ರತಿ ಕೋಶವೂ ತನ್ನ ಪಾಲಿನ ಕಬ್ಬಿಣ ಹೊತ್ತುಕೊಂಡು ಮಲದ ಜೊತೆ ಆಚೆ ಹೋಗಿಬಿಡುತ್ತದೆ.